ಆಫ್ರಿಕಾದ ಸಾಹಸ: ಹೊರೆ ಯಾರದು, ಫೋಟೊ ಯಾರದು?

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿ ಆಫ್ರಿಕಾ ಕಾಣಿಸಿಕೊಳ್ಳುತ್ತದೆ. ಸಾಯುವುದರೊಳಗೆ ಮಾಡಲೇಬೇಕಾದ ಹತ್ತು ಸಾಹಸಗಳು! ಕಿಲಿಮಂಜಾರೊ ಹತ್ತಿ, ವಿಕ್ಟೋರಿಯಾ ಜಲಪಾತದ ಸೇತುವೆಯಿಂದ ಹಗ್ಗ ಕಟ್ಟಿಕೊಂಡು ಜಿಗಿಯಿರಿ, ಸೆರೆಂಗೆಟಿಯಲ್ಲಿ ಸಿಂಹ ನೋಡಿ, ಉಗಾಂಡದ ಕಾಡಿನಲ್ಲಿ ಗೊರಿಲ್ಲಾದ ಎದುರು ನಿಲ್ಲಿ. ಐವತ್ತಕ್ಕೂ ಹೆಚ್ಚು ದೇಶಗಳ ಖಂಡ ಒಂದೇ ಪುಟದಲ್ಲಿ ಮುಗಿದುಹೋಗುತ್ತದೆ. ಆನೆ ಇರುತ್ತದೆ, ಜಿರಾಫೆ ಇರುತ್ತದೆ, ಕೆಂಪು ಸೂರ್ಯ ಇರುತ್ತಾನೆ. ಮನುಷ್ಯರ ಲೆಕ್ಕಕ್ಕೆ ಕೆಂಪು ಶಾಲು ಹೊದ್ದು ನೆಗೆಯುತ್ತಿರುವ ಒಬ್ಬ ಮಸಾಯಿ ಇರುತ್ತಾನೆ. ಅವನಿಗೆ ಹೆಸರಿರುವುದಿಲ್ಲ.

ಈ ಪುಟ ಹೇಗೆ ತಯಾರಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಪ್ರವಾಸ ಕಂಪನಿಯಿಂದ ಇಂಗ್ಲಿಷ್ ಪ್ರೆಸ್‌ನೋಟ್ ಬರುತ್ತದೆ, ಡೆಸ್ಕ್‌ನಲ್ಲಿ ಯಾರೋ ಕನ್ನಡಕ್ಕೆ ಇಳಿಸುತ್ತಾರೆ, ಪಕ್ಕದ ಪುಟದಲ್ಲಿ ಅದೇ ಕಂಪನಿಯ ಜಾಹೀರಾತು. ಅದನ್ನು ಜಾಹೀರಾತು ಎಂದೇ ಕರೆದರೆ ನನ್ನ ತಕರಾರಿಲ್ಲ. ‘ಪ್ರವಾಸ ಸಾಹಿತ್ಯ’ ಎಂದು ಕರೆಯುತ್ತಾರಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತದೆ.

ಕಿಲಿಮಂಜಾರೊವನ್ನೇ ತೆಗೆದುಕೊಳ್ಳಿ. ತಾಂಜಾನಿಯಾದ ಈ ಬೆಟ್ಟದ ಎತ್ತರ 5,895 ಮೀಟರ್. ಸಾಮಾನ್ಯ ದಾರಿಗಳಲ್ಲಿ ಹಗ್ಗ, ಕೊಡಲಿಯ ಪರ್ವತಾರೋಹಣ ಬೇಕಿಲ್ಲ. ನಡೆಯುವ ಶಕ್ತಿ ಮತ್ತು ತೆಳು ಗಾಳಿಗೆ ಒಗ್ಗುವ ತಾಳ್ಮೆ ಸಾಕು. ಆದ್ದರಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳಿಗೂ ಅದು ಎಟಕುತ್ತದೆ. ಆದರೆ ಒಬ್ಬ ಪ್ರವಾಸಿ ಮೇಲೆ ಹತ್ತಬೇಕಾದರೆ ಅವರ ಜೊತೆ ಮೂರ್ನಾಲ್ಕು ಮಂದಿಯಾದರೂ ಹತ್ತುತ್ತಾರೆ. ಡೇರೆ, ಗ್ಯಾಸ್ ಸಿಲಿಂಡರ್, ಅಕ್ಕಿ, ಮೊಟ್ಟೆ, ನೀರು, ಊಟದ ಮೇಜು, ಮಡಚುವ ಕುರ್ಚಿ, ಕೆಲವೊಮ್ಮೆ ಪ್ರವಾಸಿಯ ಕಕ್ಕಸಿನ ಪೆಟ್ಟಿಗೆಯೂ ಅವರ ತಲೆ, ಬೆನ್ನಿನ ಮೇಲೆ. ಪ್ರವಾಸಿ ಎದ್ದು ಹೊರಟ ಮೇಲೆ ಡೇರೆ ಕಳಚಿ ಮೂಟೆ ಕಟ್ಟಿ, ದಾರಿಯಲ್ಲಿ ಅವರನ್ನು ಹಿಂದೆ ಹಾಕಿ, ಮುಂದಿನ ತಂಗುದಾಣದಲ್ಲಿ ಬಿಸಿನೀರು ಕಾಯಿಸಿಟ್ಟಿರುತ್ತಾರೆ. ಪ್ರವಾಸಿಯ ಬೆನ್ನಿಗೆ ಒಂದು ಸಣ್ಣ ಚೀಲ. ಅದರಲ್ಲಿ ನೀರಿನ ಬಾಟಲಿ, ಚಾಕೊಲೇಟ್, ತುದಿಯಲ್ಲಿ ಬಿಡಿಸಿ ಹಿಡಿಯಲು ಬಾವುಟ.

ಒಬ್ಬ ಹೊರೆಯಾಳು 20 ಕಿಲೊಗಿಂತ ಹೆಚ್ಚು ಹೊರಬಾರದೆಂದು ಅಲ್ಲಿ ನಿಯಮವಿದೆ. ಉದ್ಯಾನದ ದ್ವಾರದಲ್ಲಿ ತೂಕ ಹಾಕುತ್ತಾರೆ. ನಿಯಮ ಮಾಡಬೇಕಾಗಿ ಬಂತು ಎಂದರೆ ಮೊದಲು ಎಷ್ಟು ಹೊರಿಸುತ್ತಿದ್ದರು ಎಂದು ನೀವೇ ಊಹಿಸಿ. ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಅಲ್ಲಿ ಹೊರೆಯಾಳುಗಳಿಗೆ ಬೆಚ್ಚನೆಯ ಕೋಟು, ಬೂಟು ಎರವಲು ಕೊಡುತ್ತದೆ. ಕೂಲಿ ಸರಿಯಾಗಿ ಕೊಡುವ ಕಂಪನಿಗಳ ಪಟ್ಟಿ ಇಡುತ್ತದೆ. ಪ್ರವಾಸಿ ಚೌಕಾಸಿ ಮಾಡಿ ಅಗ್ಗದ ಪ್ಯಾಕೇಜ್ ಹಿಡಿದರೆ, ಕಂಪನಿ ಮೊದಲು ಕತ್ತರಿಸುವುದು ಉದ್ಯಾನದ ಶುಲ್ಕವನ್ನಲ್ಲ. ಅದನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಹೊರೆಯಾಳಿನ ಕೂಲಿ ಮತ್ತು ಊಟವನ್ನು ಕತ್ತರಿಸಬಹುದು, ಅಷ್ಟೆ. ಎಪಿಎಂಸಿ ಯಾರ್ಡ್‌ನ ಹಮಾಲಿಗಳು ಕೂಲಿಗಾಗಿ ಕೆಲಸ ನಿಲ್ಲಿಸಿದರೆ ಓಡಿ ಹೋಗಿ ವರದಿ ಮಾಡುವ ನಾವು, ಬೆಟ್ಟದ ಹಮಾಲಿಯ ವಿಷಯಕ್ಕೆ ಬಂದಾಗ ‘ಸಾಹಸಿಯ ಛಲ’ ಎಂದು ತಲೆಬರಹ ಕೊಡುತ್ತೇವೆ.

ಇನ್ನು ಸೆರೆಂಗೆಟಿ. ಕೊನೆಯಿಲ್ಲದ ಬಯಲು ಎಂಬರ್ಥದ ಆ ಹೆಸರು ಮಸಾಯಿ ಭಾಷೆಯಿಂದ ಬಂದದ್ದು ಎಂದು ನಮ್ಮ ಪುರವಣಿಗಳೂ ಬರೆಯುತ್ತವೆ. ಹೆಸರು ಕೊಟ್ಟವರು ಈಗ ಅಲ್ಲಿ ಏಕಿಲ್ಲ ಎಂದು ಮಾತ್ರ ಬರೆಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿ, 1959ರಲ್ಲಿ ಮಸಾಯಿಗಳನ್ನು ಪಕ್ಕದ ಗೊರೊಂಗೊರೊ ಕಡೆಗೆ ಸರಿಸಿದರು. ಅಲ್ಲಿ ದನ ಮೇಯಿಸಿಕೊಂಡು ಇರಬಹುದೆಂದು ಮಾತು ಕೊಟ್ಟಿದ್ದರು. ಈಗ ಅಲ್ಲಿಂದಲೂ ಎಬ್ಬಿಸಿ, ನೂರಾರು ಕಿಲೋಮೀಟರ್ ದೂರದ ಹಂಡೇನಿ ಜಿಲ್ಲೆಯ ಮ್ಸೊಮೆರಾಗೆ ಕಳಿಸುವ ಕೆಲಸ ನಡೆದಿದೆ. ‘ಸ್ವಇಚ್ಛೆಯಿಂದ’ ಹೋಗುತ್ತಿದ್ದಾರೆ ಎನ್ನುತ್ತದೆ ಸರ್ಕಾರ. 2022ರ ಜೂನ್‌ನಲ್ಲಿ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಪ್ರದೇಶಕ್ಕೆ ಗಡಿಕಲ್ಲು ನೆಡಲು ಪೊಲೀಸರು ಬಂದಾಗ ಘರ್ಷಣೆಯಾಯಿತು. ಮಸಾಯಿಗಳಿಗೆ ಗುಂಡೇಟು ಬಿತ್ತು, ಒಬ್ಬ ಪೊಲೀಸ್ ಸಹ ಸತ್ತ. ‘ಸ್ವಇಚ್ಛೆಯ ಪುನರ್ವಸತಿ’ ಎಂಬ ಮಾತನ್ನು ನಾಗರಹೊಳೆಯ ಜೇನುಕುರುಬರ ಹಾಡಿಗಳಲ್ಲಿ ಕೇಳಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಗೊರಿಲ್ಲಾ ಕಥೆಯೂ ಹೀಗೇ. ರುವಾಂಡಾದಲ್ಲಿ ಗೊರಿಲ್ಲಾಗಳ ಜೊತೆ ಒಂದು ತಾಸು ಕಳೆಯಲು ಪರವಾನಗಿಗೇ 1,500 ಡಾಲರ್. ಉಗಾಂಡದ ಬ್ವಿಂಡಿ ಕಾಡು 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿದ್ದ ಬಾತ್ವಾ ಜನರನ್ನು ಹೊರಹಾಕಿದರು. ಈಗ ಪ್ರವಾಸಿಗಳು ಹಣ ಕೊಟ್ಟರೆ ಅದೇ ಬಾತ್ವಾಗಳು ಕಾಡಿನಂಚಿನಲ್ಲಿ ನಿಂತು, ಕಡ್ಡಿ ಉಜ್ಜಿ ಬೆಂಕಿ ಮಾಡುವುದನ್ನೂ ಬೇಟೆಯಾಡುವುದನ್ನೂ ಅಭಿನಯಿಸಿ ತೋರಿಸುತ್ತಾರೆ. ತಮ್ಮ ನಿನ್ನೆಯ ಬದುಕನ್ನು ನಾಟಕ ಮಾಡಿ ತೋರಿಸಿ ಹೊಟ್ಟೆ ಹೊರೆಯುವುದು. ನಮ್ಮ ಪುಟಗಳಲ್ಲಿ ಇದು ‘ಬುಡಕಟ್ಟು ಸಂಸ್ಕೃತಿಯ ಅನುಭವ’.

ವಿಕ್ಟೋರಿಯಾದ 111 ಮೀಟರ್ ಜಿಗಿತದ ಬಗ್ಗೆ ನನಗೆ ಹೇಳುವುದೇನಿಲ್ಲ, ಜಿಗಿಯುವವರು ಜಿಗಿಯಲಿ. ಆದರೆ ಲಿವಿಂಗ್‌ಸ್ಟನ್ ಅದನ್ನು ‘ಕಂಡುಹಿಡಿದ’ ಎಂದು ಇನ್ನೂ ಅಚ್ಚು ಹಾಕುವುದನ್ನು ನಿಲ್ಲಿಸಬಹುದು. ಅವನು 1855ರಲ್ಲಿ ಅಲ್ಲಿಗೆ ಬರುವ ಮೊದಲೇ ಅದಕ್ಕೆ ‘ಗುಡುಗುವ ಹೊಗೆ’ ಎಂಬರ್ಥದ ಮೊಸಿ-ವಾ-ತುನ್ಯಾ ಎಂಬ ಹೆಸರಿತ್ತು.

ಪ್ರವಾಸಿಗಳು ಹೋಗದಿದ್ದರೆ ಆ ಹೊರೆಯಾಳುಗಳೇ ಉಪವಾಸ ಬೀಳುತ್ತಾರೆ ಎನ್ನುತ್ತೀರಿ. ನಿಜ. 2020ರಲ್ಲಿ ವಿಮಾನಗಳು ನಿಂತಾಗ ಹಾಗೇ ಆಯಿತು. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಪ್ಯಾಕೇಜಿನ ಬೆಲೆ ಲಕ್ಷಗಳಲ್ಲಿ ಅಚ್ಚಾಗುವ ಜಾಗದಲ್ಲೇ ಹೊರೆಯಾಳಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಎಂಬುದೂ ಅಚ್ಚಾಗಲಿ ಎನ್ನುತ್ತಿದ್ದೇನೆ. ಓದುಗರು ಅದನ್ನು ನೋಡಿ ಬುಕ್ ಮಾಡುವಾಗ ಕಂಪನಿಯನ್ನು ಎರಡು ಪ್ರಶ್ನೆ ಕೇಳಿದರೆ ಜಾಹೀರಾತು ತಪ್ಪಿಹೋಗುತ್ತದೆಂಬ ಭಯ ಡೆಸ್ಕ್‌ಗೆ ಇರಬಹುದು. ಇದ್ದರೆ ಅದನ್ನಾದರೂ ಒಪ್ಪಿಕೊಳ್ಳಲಿ.

ನನ್ನ ದೊಡ್ಡ ಜಗಳ ಇರುವುದು ಬೇರೆ ಕಡೆ. ಆಫ್ರಿಕಾವನ್ನು ಕಾಲ್ನಡಿಗೆಯಲ್ಲಿ, ಬಸ್ಸಿನಲ್ಲಿ, ಸಂತೆ ಸಂತೆ ಸುತ್ತಿ ಬಲ್ಲ ಜನ ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ. ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು. ವಾಗ್ರಿ ಮನೆಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಕಸುಬು ಅಪರಾಧವಾಯಿತು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಹಿಡಿದು ಊರೂರು ತಿರುಗಿದರು, ಆಮೇಲೆ ಸಮುದ್ರ ದಾಟಿದರು. ಸಾಲ ಮಾಡಿ ಟಿಕೆಟ್ ತೆಗೆದು, ಭಾಷೆ ಗೊತ್ತಿಲ್ಲದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಎಣ್ಣೆ ಮಾರಿ ಬರುತ್ತಾರೆ. ಇದಕ್ಕಿಂತ ದೊಡ್ಡ ಸಾಹಸ ಯಾವುದಿದೆ?

ಇವರು ಸುದ್ದಿಯಾಗಿದ್ದು ಯಾವಾಗ? 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಯುದ್ಧ ಶುರುವಾದಾಗ. ಡಾರ್ಫರ್‌ನ ಅಲ್ ಫಾಶಿರ್ ಊರಿನಲ್ಲಿ ರಾಜ್ಯದ 31 ಹಕ್ಕಿಪಿಕ್ಕಿಗಳು ಅನ್ನ ನೀರಿಲ್ಲದೆ ಸಿಕ್ಕಿಬಿದ್ದಿದ್ದರು. ಇಲ್ಲಿ ವಿಧಾನಸಭಾ ಚುನಾವಣೆ ಕಾವೇರಿತ್ತು. ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ಟ್ವಿಟರ್‌ನಲ್ಲಿ ಜಟಾಪಟಿಗೆ ಇಳಿದರು. ಬಂದರು ಇದ್ದದ್ದು ಸಾವಿರ ಕಿಲೋಮೀಟರಿಗೂ ದೂರದಲ್ಲಿ. ಕೊನೆಗೆ ‘ಆಪರೇಷನ್ ಕಾವೇರಿ’ಯಲ್ಲಿ ಜನ ಊರಿಗೆ ಬಂದರು. ನಾವು ವಿಮಾನ ನಿಲ್ದಾಣದ ಕಣ್ಣೀರಿನ ಫೋಟೊ ಹಾಕಿದೆವು, ಮರೆತೆವು.

ಆ ವರ್ಷವೇ ನಾನು ಅವರ ಆಫ್ರಿಕಾ ತಿರುಗಾಟದ ಬಗ್ಗೆ ಪ್ರವಾಸ ಪುಟಕ್ಕೆ ಒಂದು ಲೇಖನ ಕಳಿಸಿದೆ. ಯಾವ ಪತ್ರಿಕೆ ಎಂಬುದು ಬೇಡ. ಇದು ಟ್ರಾವೆಲ್ ಅಲ್ಲ, ಬುಡಕಟ್ಟು ಸಮಸ್ಯೆ, ಜಿಲ್ಲಾ ಪುಟಕ್ಕೆ ಕಳಿಸಿ ಎಂದು ಫೋನಿನಲ್ಲೇ ತೀರ್ಮಾನವಾಯಿತು. ಜಿಲ್ಲಾ ಪುಟದವರು ಇದರಲ್ಲಿ ಸುದ್ದಿ ಎಲ್ಲಿದೆ ಎಂದರು. ಹಣ ಕೊಟ್ಟು ಹತ್ತು ದಿನ ಸುತ್ತಿ ಬಂದವರು ಪ್ರವಾಸಿಗಳು, ಹಣ ದುಡಿಯಲು ಹತ್ತು ತಿಂಗಳು ಸುತ್ತಿದವರು ಸಮಸ್ಯೆ. ಈ ವಿಂಗಡಣೆಯನ್ನು ನಮಗೆ ಡಿಪ್ಲೊಮಾ ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಕಲಿಸಿದರು.

ಕ್ಯಾಂಪುಗಳಿಂದ ಆಫ್ರಿಕಾಗೆ ಹೋಗುವುದು ನಿಂತಿಲ್ಲ. ಇಲ್ಲಿ ಬರೆಯುವವರಲ್ಲಿ ಹುಣಸೂರು, ಚನ್ನಗಿರಿ ಕಡೆಯವರಿದ್ದೀರಿ. ಮುಂದಿನ ಪುರವಣಿಗೆ ಆಫ್ರಿಕಾದ ಬಗ್ಗೆ ಎಂಟುನೂರು ಪದ ಬೇಕೆಂದು ಫೋನ್ ಬಂದರೆ ಪ್ರೆಸ್‌ನೋಟ್ ತೆರೆಯಬೇಡಿ, ಬೈಕನ್ನು ಕ್ಯಾಂಪಿನ ಕಡೆ ತಿರುಗಿಸಿ. ಪಾಸ್‌ಪೋರ್ಟ್ ನೋಡಬಹುದೇ ಎಂದು ಕೇಳಿ. ಯಾವ ಊರಲ್ಲಿ ಪೊಲೀಸರ ಕಾಟ ಹೆಚ್ಚು, ಎಲ್ಲಿ ಜನ ಕರೆದು ಊಟ ಹಾಕುತ್ತಾರೆ, ಬಡ್ಡಿ ಎಷ್ಟು, ಕೈಯಲ್ಲಿ ಉಳಿಯುವುದೆಷ್ಟು, ಎಲ್ಲ ಕೇಳಿ ಬರೆದುಕೊಳ್ಳಿ. ಫೋಟೊ ತೆಗೆಯುವ ಮೊದಲು ಒಪ್ಪಿಗೆ ಪಡೆಯಿರಿ, ಕೆಳಗೆ ಹೆಸರು ಹಾಕಿ.