ಬೆರಳಿನ ತಪ್ಪಲ್ಲ, ತಂತಿಯದು!

"ನಿನ್ನ ಬೆರಳು ಗಿಡ್ಡ ಮಾರಾಯ. ಗಿಟಾರ್ ಎಲ್ಲ ನಿಂಗೆ ಆಗಿಬರೋದಲ್ಲ."

ಡಿಗ್ರಿ ಎರಡನೇ ವರ್ಷದಲ್ಲಿ ಗೆಳೆಯನೊಬ್ಬ ಹೇಳಿದ ಈ ಮಾತನ್ನು ನಾನು 13 ವರ್ಷ ನಂಬಿಕೊಂಡಿದ್ದೆ. ಅಪ್ಪ ಶಿವಮೊಗ್ಗಕ್ಕೆ ಹೋಗಿ ಮೂರೂವರೆ ಸಾವಿರ ಕೊಟ್ಟು ತಂದ ಗಿಟಾರ್ ಅದು. ಆ ವರ್ಷ ತೋಟದಲ್ಲಿ ಅಡಿಕೆಯೂ ಅಷ್ಟಕ್ಕಷ್ಟೆ. ಎರಡು ತಿಂಗಳು ದಿನಾ ಸಂಜೆ ಕೂತು ಒತ್ತಿದ್ದೇ ಒತ್ತಿದ್ದು. ಎಫ್ ಕಾರ್ಡ್ ಅಂತ ಒಂದಿದೆ. ತೋರುಬೆರಳನ್ನು ಅಡ್ಡ ಹಾಕಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ನಾನು ಒತ್ತಿದರೆ ಬರುತ್ತಿದ್ದದ್ದು ಖಾಲಿ ಎಣ್ಣೆ ಡಬ್ಬಕ್ಕೆ ಬಡಿದ ಸದ್ದು. ಬೆರಳ ತುದಿಯಲ್ಲಿ ಗೆರೆ ಬಿದ್ದು, ಸಾರನ್ನ ಕಲಸುವಾಗ ಉರಿ. ಕೊನೆಗೆ ಗಿಟಾರ್ ಅಟ್ಟ ಸೇರಿತು. ಪ್ರತಿ ದೀಪಾವಳಿಗೂ ಅಟ್ಟ ಗುಡಿಸುವಾಗ ಅಪ್ಪ ಒಂದು ಮಾತೂ ಬೈಯುತ್ತಿರಲಿಲ್ಲ. ಚೀಲದ ಮೇಲಿನ ಧೂಳು ಒರೆಸಿ ಪುನಃ ಅಲ್ಲೇ ಇಡುತ್ತಿದ್ದರು. ಬೈದಿದ್ದರೇ ವಾಸಿ ಇತ್ತು.

ಈಗ ಮೂವತ್ತು ದಾಟಿದ ಮೇಲೆ, ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ ಮತ್ತೆ ಗಿಟಾರ್ ಬಂದಿದೆ. ಈ ಸಲ ಎಲೆಕ್ಟ್ರಿಕ್. ನೋಡಲು 1960ರ ದಶಕದ ಟೆಲಿಕಾಸ್ಟರ್, ವಯಸ್ಸು ಮಾತ್ರ ನಾಲ್ಕು ವರ್ಷ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಿಜವಾದ ವಿಂಟೇಜ್ ಗಿಟಾರ್ ನಮ್ಮಂಥ ಸಂಬಳದವರಿಗಲ್ಲ. 1950ರ ದಶಕದ ಅಸಲಿ ಟೆಲಿಕಾಸ್ಟರ್ ಬೇಕು ಅಂದರೆ ಮೊದಲು ಒಂದು ಸೈಟ್ ಮಾರಬೇಕು. ನಮ್ಮ ಕೈಗೆಟುಕೋದು ಅದೇ ಆಕಾರ, ಅದೇ ಬಣ್ಣ, ಅದೇ ಬಗೆಯ ಬಿಡಿಭಾಗಗಳಿರುವ ಈಗಿನ ಕಾಲದ ಗಿಟಾರ್. ಇದರಲ್ಲೂ ಕಾರ್ಖಾನೆಯಲ್ಲೇ ಬಣ್ಣ ಕೆರೆದು, ತುಕ್ಕು ಹಿಡಿಸಿ 'ಹಳೇದು' ಮಾಡಿದ ಗಿಟಾರ್‌ಗಳಿವೆ, ಅವಕ್ಕೆ ರೆಲಿಕ್ ಅಂತಾರೆ. ಹೊಸ ಬಾಣಲೆಗೆ ಮಸಿ ಬಳಿದು 'ಅಜ್ಜಿ ಕಾಲದ್ದು' ಅಂತ ಹೆಚ್ಚು ದುಡ್ಡಿಗೆ ಮಾರಿದ ಹಾಗೆ. ಗೀರು ಬೇಕಿದ್ದರೆ ನಾಲ್ಕು ವರ್ಷ ನುಡಿಸಿ, ಪುಕ್ಕಟೆ ಬರುತ್ತದೆ.

ಟೆಲಿಕಾಸ್ಟರ್ ಮಾದರಿಯೇ ಯಾಕೆ ಅಂದರೆ ಅದನ್ನು ರೂಪಿಸಿದವನೇ ಕಾರಣ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಆತ ತಂದ ಗಿಟಾರ್‌ಗೆ ಬ್ರಾಡ್‌ಕಾಸ್ಟರ್ ಅಂತ ಹೆಸರಿಟ್ಟ. ಗ್ರೆಚ್ ಕಂಪನಿಯ ಡ್ರಮ್‌ಗಳಿಗೆ ಆಗಲೇ ಅದೇ ಹೆಸರಿತ್ತು. ಅವರು ತಕರಾರು ಎತ್ತಿದ ಮೇಲೆ 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ನಡುವಿನ ಕೆಲವು ತಿಂಗಳು ಹೆಸರನ್ನು ಕತ್ತರಿಸಿ ಬರೀ ಫೆಂಡರ್ ಅಂತಷ್ಟೇ ಅಂಟಿಸಿ ಮಾರಿದರು, ಅವನ್ನು ಈಗ ನೋಕಾಸ್ಟರ್ ಅಂತಾರೆ. ಹೆಸರು ಕಥೆ ಹಾಗಿರಲಿ. ರೇಡಿಯೊ ರಿಪೇರಿಯವನ ಬುದ್ಧಿ ಇಡೀ ಗಿಟಾರ್‌ನಲ್ಲಿ ಕಾಣುತ್ತದೆ: ಕೆಟ್ಟರೆ ಬಿಚ್ಚಲು ಬರಬೇಕು. ನೆಕ್ ಅಂಟಿಸಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದಿದೆ. ಎರಡು ಪಿಕಪ್, ಎರಡು ಗುಂಡಿ, ಒಂದು ಸ್ವಿಚ್. ಮನೆಯಲ್ಲಿ ಕೂತು ಕಲಿಯುವವರಿಗೆ ಇದಕ್ಕಿಂತ ಸರಳವಾದದ್ದು ಬೇಡ.

ನಾನು ಮೊದಲು ಹೋದದ್ದು ಅಂಗಡಿಗೆ. ಗೋಡೆಗೆ ನೇತುಹಾಕಿದ್ದ ಹೊಸದೊಂದನ್ನು ಇಳಿಸಿ ಎಫ್ ಒತ್ತಿದೆ. ಅದೇ ಎಣ್ಣೆ ಡಬ್ಬ. "ಅಭ್ಯಾಸ ಆದ್ಮೇಲೆ ಸರಿಹೋಗತ್ತೆ ಸಾರ್" ಅಂದ ಸೇಲ್ಸ್ ಹುಡುಗ. ಮೂಲೆಯಲ್ಲಿ ಕೂತು ಯಾರದ್ದೋ ಗಿಟಾರ್ ರಿಪೇರಿ ಮಾಡುತ್ತಿದ್ದ ವಯಸ್ಸಾದವರೊಬ್ಬರು ತಲೆಯೆತ್ತಿ, ತಮ್ಮ ಕೈಯಲ್ಲಿದ್ದದ್ದನ್ನೇ ಕೊಟ್ಟರು. "ಇದ್ರಲ್ಲಿ ನೋಡಿ." ಅದೇ ಕಂಪನಿ, ಅದೇ ಮಾಡೆಲ್, ಅದೇ ಬೆಲೆ. ಒತ್ತಿದೆ. ಎಫ್ ಬಂತು. ಆರೂ ತಂತಿ, ಸ್ವಚ್ಛ. ನಾನು ನನ್ನ ಬೆರಳುಗಳನ್ನೇ ನೋಡಿಕೊಂಡೆ.

"ಇದು ಸೆಟಪ್ ಆಗಿದೆ, ಅದು ಆಗಿಲ್ಲ. ಅಷ್ಟೇನೆ," ಅಂದರು ಅವರು.

ಯೋಚಿಸಿ ನೋಡಿ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ಆಚೀಚೆ ಆದರೆ ತಿಳಿದವರು ಬಂದು ಅವನ್ನು ಎಬ್ಬಿಸಿ, ಸರಿಸಿ, ಮತ್ತೆ ಕೂರಿಸುತ್ತಾರೆ. ಅದಕ್ಕೆ ಯಾರೂ ವೈಣಿಕರ ಬೆರಳನ್ನು ದೂರುವುದಿಲ್ಲ. ಗಿಟಾರ್ ಮಾತ್ರ ಪೆಟ್ಟಿಗೆಯಿಂದ ತೆಗೆದಾಗ ಪೂರ್ತಿ ಆಗಿಯೇ ಬಂದಿದೆ ಅಂದುಕೊಳ್ಳುತ್ತೇವೆ. ಕಡಿಮೆ ಬೆಲೆಯ ಗಿಟಾರ್‌ನಲ್ಲಿ ಉಳಿಸುವುದು ಹೆಚ್ಚಾಗಿ ಈ ಕೊನೆಯ ಕೈಕೆಲಸದ ಹೊತ್ತನ್ನೇ.

ನಾನು ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್. ವಿಜಯನಗರದ ಹುಡುಗನೊಬ್ಬ ವಿದೇಶಕ್ಕೆ ಹೊರಟಿದ್ದ, 21 ಸಾವಿರಕ್ಕೆ ಕೊಟ್ಟ. ಜೇಬಿನಲ್ಲಿ 30 ಸಾವಿರ ಇದ್ದರೆ ಅಷ್ಟನ್ನೂ ಗಿಟಾರ್‌ಗೇ ಸುರಿಯಬೇಡಿ, ಸಣ್ಣ ಆಂಪ್, ಕೇಬಲ್, ಎರಡು ಸೆಟ್ ತಂತಿ, ಒಂದು ಸೆಟಪ್ಪಿಗೆ ಎತ್ತಿಡಿ. ನೋಡಲು ಹೋದಾಗ ಬಡಗಿ ರೀಪರ್ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ: ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ತಿರುಚಿಕೊಂಡಿದ್ದರೆ ಟಾಟಾ ಹೇಳಿ ಬನ್ನಿ. ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿ. ಮಾರುವವರಿಗೆ ಬೇಜಾರಾದರೂ ಆಗಲಿ. ಕೇಬಲ್ ಚುಚ್ಚಿ ಅಲ್ಲಾಡಿಸಿ, ಈ ಮಾದರಿಯಲ್ಲಿ ಜ್ಯಾಕ್ ಸಡಿಲವಾಗುವುದು ಹಳೇ ರೋಗ. ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಮುಖ್ಯವಾಗಿ ನೆಕ್ ಒಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ತಿರುಗಿಸುವ ಜಾಗ ಎಲ್ಲಿದೆ ನೋಡಿಕೊಳ್ಳಿ. ಅಪ್ಪಟ ಹಳೇ ಶೈಲಿಯವುಗಳಲ್ಲಿ ಅದು ನೆಕ್‌ನ ಬುಡದಲ್ಲಿರುತ್ತದೆ, ಪ್ರತಿ ಸಲ ನೆಕ್ ಬಿಚ್ಚಬೇಕು. ತಲೆಯ ಕಡೆ ಇದ್ದರೆ ನಿಮ್ಮ ಪುಣ್ಯ.

"ಇಂಡಿಯನ್ ಲಾರೆಲ್ ಫಿಂಗರ್‌ಬೋರ್ಡ್ ಬ್ರೋ, ಇಂಪೋರ್ಟೆಡ್" ಅಂದ ಆ ಹುಡುಗ. ಮನೆಗೆ ಬಂದು ಹುಡುಕಿದರೆ ಅದು ನಮ್ಮ ಮತ್ತಿ ಮರ! ನಮ್ಮೂರ ಮನೆಯ ತೊಲೆಗಳೆಲ್ಲ ಮತ್ತಿಯವೇ. ಮೊದಲು ಇಂಥ ಗಿಟಾರ್‌ಗಳಿಗೆ ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಜಾತಿಯ ಮರ ಹಾಕುತ್ತಿದ್ದರು. 2017ರಲ್ಲಿ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂದಾಗ ಕಂಪನಿಗಳು ಬೇರೆ ಮರ ಹುಡುಕಿದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಕಡಿಮೆ ಬೆಲೆಯವುಗಳಲ್ಲಿ ಮತ್ತಿ ಉಳಿದುಕೊಂಡಿತು. ಫೋನಲ್ಲಿ ಅಪ್ಪನಿಗೆ ಹೇಳಿದೆ. "ಮತ್ತಿನಾ? ಗೆದ್ಲು ಹಿಡಿಯದ ಹಾಗೆ ನೋಡ್ಕೋ" ಅಂದರು.

ಸೆಟಪ್ ಮಾಡಿಸಲು ಕೇಳಿದ ಕಡೆ ಒಂದೂವರೆ ಸಾವಿರ ಹೇಳಿದರು. ಕೊಡಬಹುದಿತ್ತು. ಆದರೆ 13 ವರ್ಷ ಮೋಸಹೋದವನಿಗೆ ಒಳಗೇನಿದೆ ಅಂತ ನೋಡುವ ಹಟ. ಬೇಕಾದದ್ದು ಅರ್ಧ ಮಿಲಿಮೀಟರ್ ಗೆರೆಯಿರುವ ಸ್ಟೀಲ್ ಸ್ಕೇಲು, ಸ್ಕ್ರೂಡ್ರೈವರ್, ಅಲೆನ್ ಕೀ, ತಂತಿಯನ್ನು ಒತ್ತಿ ಹಿಡಿಯುವ ಕ್ಯಾಪೊ, ಫೋನಿನಲ್ಲೊಂದು ಟ್ಯೂನರ್ ಆ್ಯಪ್, ಮತ್ತು ಫೀಲರ್ ಗೇಜ್. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವಾಗ ಸಂದಿಯಲ್ಲಿ ತೂರಿಸುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು ನೋಡಿದ್ದೀರಲ್ಲ, ಅದೇ ಇದು. ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿದಾಗ "ಯಾವ ಗಾಡಿ ಸಾರ್?" ಅಂದರು. ಗಿಟಾರ್ ಅಂದೆ. ಅದು ಹೊಸ ಮಾಡೆಲ್ ಇರಬೇಕು ಅಂದುಕೊಂಡು ಸುಮ್ಮನಾದರು. ಅಲೆನ್ ಕೀಗಳಲ್ಲಿ ಇಂಚಿನದು ಬೇರೆ, ಮಿಲಿಮೀಟರಿನದು ಬೇರೆ. ಹತ್ತಿರದ್ದು ಅಂತ ತುರುಕಿದರೆ ಸ್ಕ್ರೂ ತಲೆ ಸವೆದು ಕೆಲಸ ಕೆಡುತ್ತದೆ.

ಮೊದಲು ಹೊಸ ತಂತಿ. ಹಳೇ ಮಾದರಿಯ ಬಿರಡೆಗಳಲ್ಲಿ ಪಕ್ಕಕ್ಕೆ ತೂತಿರುವುದಿಲ್ಲ, ನೆತ್ತಿಯ ಮೇಲೊಂದು ಸೀಳು, ನಡುವೆ ಕುಳಿ. ತಂತಿಯನ್ನು ಮುಂದಿನ ಎರಡು ಬಿರಡೆಯಷ್ಟು ಉದ್ದ ಬಿಟ್ಟು ಮೊದಲೇ ಕತ್ತರಿಸಿ, ತುದಿಯನ್ನು ಕುಳಿಗೆ ಇಳಿಸಿ, ಬಾಗಿಸಿ ಸುತ್ತಬೇಕು. ಇದು ಗೊತ್ತಿಲ್ಲದೆ ಒಂದು ತಂತಿಯನ್ನು ಗಿಡ್ಡ ಕತ್ತರಿಸಿ ಹಾಳುಮಾಡಿದೆ. ಎರಡು ಸೆಟ್ ಅಂದದ್ದು ಅದಕ್ಕೇ. ಆದರೆ ಅಭ್ಯಾಸವಾದ ಮೇಲೆ ಇದರಷ್ಟು ಅಚ್ಚುಕಟ್ಟು ಬೇರೆ ಇಲ್ಲ, ಚುಚ್ಚುವ ತುದಿಯೇ ಹೊರಗೆ ಇರುವುದಿಲ್ಲ.

ಆಮೇಲೆ ನೆಕ್. ಅದು ನೂಲಿಟ್ಟ ಹಾಗೆ ನೇರ ಇರಬಾರದು, ಕಣ್ಣಿಗೆ ಕಾಣದಷ್ಟು ಒಳಬಾಗಿರಬೇಕು. ಯಾಕೆಂದರೆ ಮೀಟಿದ ತಂತಿ ನಡುವಿನಲ್ಲಿ ಹೆಚ್ಚು ಅಗಲವಾಗಿ ಓಲಾಡುತ್ತದೆ, ಅದಕ್ಕೆ ಜಾಗ ಬೇಕು. ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, ಎಂಟನೇ ಫ್ರೆಟ್ ಮೇಲಿನ ಸಂದಿ ಅಳೆಯಿರಿ. 0.25ರಿಂದ 0.3 ಮಿಲಿಮೀಟರ್ ಇದ್ದರೆ ಸರಿ. ಹೆಚ್ಚಿದ್ದರೆ ಟ್ರಸ್ ರಾಡನ್ನು ಪ್ರದಕ್ಷಿಣೆಯ ದಿಕ್ಕಿಗೆ ಕಾಲು ಸುತ್ತು ಮಾತ್ರ ಬಿಗಿದು, ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ನಾನು ಉತ್ಸಾಹಕ್ಕೆ ಬಿದ್ದು ಒಂದೇ ಸಲ ಮುಕ್ಕಾಲು ಸುತ್ತು ಬಿಗಿದೆ. ನೆಕ್ ಹಿಂದಕ್ಕೆ ಬಾಗಿ, ಮೊದಲ ಫ್ರೆಟ್‌ಗಳಲ್ಲಿ ತಂತಿಗಳು ಜೇನುಹುಳದ ಹಾಗೆ ಗುಯ್‌ಗುಟ್ಟತೊಡಗಿದವು. ರಾತ್ರಿ ಹನ್ನೊಂದಕ್ಕೆ ಎದೆ ಧಸಕ್ ಅಂತು, 21 ಸಾವಿರ! ನಿಧಾನಕ್ಕೆ ಹಿಂದೆ ತಿರುಗಿಸಿದೆ. ಬೆಳಗ್ಗೆ ಹೊತ್ತಿಗೆ ತಾನಾಗಿ ಸರಿಯಾಗಿ ಕೂತಿತ್ತು. ಮರಕ್ಕೂ ಒಂದು ರಾತ್ರಿ ನಿದ್ದೆ ಬೇಕು.

ಈಗ ನನ್ನ ಹಳೇ ಶತ್ರು, ತಂತಿಯ ಎತ್ತರ. 17ನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಫ್ರೆಟ್‌ನ ನೆತ್ತಿಯಿಂದ ತಂತಿಯ ಕೆಳಗಿನವರೆಗೆ ಅಳೆದರೆ ಸುಮಾರು 1.6 ಮಿಲಿಮೀಟರ್ ಇರಬೇಕು. ಹಳೇ ಶೈಲಿಯ, ಹೆಚ್ಚು ಉಬ್ಬಿದ ಫಿಂಗರ್‌ಬೋರ್ಡ್ ಆದರೆ ದಪ್ಪ ತಂತಿಗಳ ಕಡೆ 2ರ ತನಕ ಬಿಡಿ. ಇನ್ನೂ ಇಳಿಸುವ ಆಸೆಪಟ್ಟರೆ, ಮೇಲಿನ ಫ್ರೆಟ್‌ಗಳಲ್ಲಿ ತಂತಿಯನ್ನು ಎಳೆದು ಸ್ವರ ಏರಿಸುವಾಗ ಅದು ಉಬ್ಬಿಗೆ ತಾಗಿ ಅಲ್ಲೇ ಸಾಯುತ್ತದೆ. ನನ್ನದರಲ್ಲಿ 2.7 ಇತ್ತು. ಬ್ರಿಡ್ಜ್ ಮೇಲಿನ ಸ್ಯಾಡಲ್‌ಗಳ ಪುಟ್ಟ ಸ್ಕ್ರೂಗಳನ್ನು ಇಳಿಸುತ್ತಾ ಬಂದೆ. ಒಟ್ಟು ಹತ್ತು ನಿಮಿಷದ ಕೆಲಸ.

ಕೊನೆಗೆ ಸ್ವರಶುದ್ಧಿ. ಬಿಟ್ಟ ತಂತಿಯ ಸ್ವರವೂ 12ನೇ ಫ್ರೆಟ್ ಒತ್ತಿದಾಗಿನ ಸ್ವರವೂ ಆ್ಯಪ್‌ನಲ್ಲಿ ಒಂದೇ ಹೆಸರು ತೋರಿಸಿ, ಮುಳ್ಳು ಎರಡು ಸಲವೂ ನಡುವೆ ನಿಲ್ಲಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ವೀಣೆಯಲ್ಲಿ ಮೆಟ್ಟಿಲು ಸರಿಸುತ್ತೇವೆ, ಇಲ್ಲಿ ಫ್ರೆಟ್ ಅಲ್ಲಾಡದು, ತಂತಿಯ ಉದ್ದವನ್ನೇ ಸರಿಪಡಿಸಬೇಕು. ಹಳೇ ಶೈಲಿಯ ಟೆಲಿಕಾಸ್ಟರ್‌ನ ತಮಾಷೆ ಇರುವುದೂ ಇಲ್ಲೇ. ಆರು ತಂತಿಗೆ ಮೂರೇ ಸ್ಯಾಡಲ್. ಜೋಡಿಯಲ್ಲಿ ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಕೂಡು ಕುಟುಂಬದ ಹಾಗೆ ಇಬ್ಬರಿಗೂ ಅರ್ಧರ್ಧ ಬೇಜಾರಾಗುವಲ್ಲಿ ನಿಲ್ಲಿಸಿ. ಅದು ಬೇಡ ಅಂದರೆ ಓರೆಯಾಗಿ ಕೊರೆದ ಸ್ಯಾಡಲ್‌ಗಳು ಸಿಗುತ್ತವೆ.

ಆಂಪ್ ಹಾಕಿದಾಗ ಒಂದು ಗುಂಯ್ ಸದ್ದು ಬರುತ್ತದೆ. ಕೆಟ್ಟಿದೆ ಅಂತ ವಾಪಸ್ ಕೊಡಲು ಹೋಗಬೇಡಿ. ಒಂದೇ ಸುರುಳಿಯ ಪಿಕಪ್ ಮನೆಯ ಕರೆಂಟಿನ 50 ಹರ್ಟ್ಸ್ ಕಂಪನವನ್ನೂ ಹಿಡಿಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ನಿಂದ ದೂರ ಕೂತು, ಸ್ವಲ್ಪ ದಿಕ್ಕು ಬದಲಿಸಿದರೆ ತಗ್ಗುತ್ತದೆ. ನನ್ನ ಮನೆಯಲ್ಲಿ ಬಾತ್‌ರೂಮ್ ಕಡೆ ಮುಖ ಮಾಡಿದರೆ ಅತಿ ಕಡಿಮೆ, ಹಾಗಾಗಿ ನನ್ನ ಸಂಗೀತ ಸಾಧನೆ ಆ ದಿಕ್ಕಿಗೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬ್ಯಾಗಿನಲ್ಲಿ ಸ್ಟೀಲ್ ಸ್ಕೇಲ್ ಇತ್ತು. ಅಟ್ಟದಿಂದ ಹಳೇ ಗಿಟಾರ್ ಇಳಿಸಿದೆ. ಅಪ್ಪ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತರು.

"ಎಷ್ಟಿದೆ?"

"12ನೇ ಫ್ರೆಟ್‌ನಲ್ಲಿ ನಾಲ್ಕೂವರೆ ಮಿಲಿಮೀಟರ್."

"ಎಷ್ಟಿರ್ಬೇಕಿತ್ತು?"

"ಎರಡೂವರೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂಗಡಿಯವ ಹೇಳ್ಲೇ ಇಲ್ಲ" ಅಂದರು.

ಅಕೌಸ್ಟಿಕ್‌ನಲ್ಲಿ ಎತ್ತರ ತಗ್ಗಿಸಲು ಸ್ಕ್ರೂ ಇಲ್ಲ, ಸ್ಯಾಡಲ್‌ನ ತಳವನ್ನೇ ಉಜ್ಜಬೇಕು. 12ನೇ ಫ್ರೆಟ್‌ನಲ್ಲಿ ಒಂದು ಮಿಲಿಮೀಟರ್ ಇಳಿಯಲು ಸ್ಯಾಡಲ್‌ನಲ್ಲಿ ಎರಡು ಹೋಗಬೇಕು. ನನಗೆ ಬೇಕಿದ್ದದ್ದು ನಾಲ್ಕು, ಹೊರಗೆ ಕಾಣುತ್ತಿದ್ದದ್ದೇ ಮೂರು. ಮಲೆನಾಡಿನ ಇಷ್ಟು ಮಳೆಗಾಲ ಕಂಡು ಗಿಟಾರ್‌ನ ಹೊಟ್ಟೆ ಬೇರೆ ಉಬ್ಬಿತ್ತು. ಜಗಲಿಯಲ್ಲಿ ಉಜ್ಜುಕಾಗದ ಹಾಸಿ ಅಪ್ಪ ಎರಡು ಮಿಲಿಮೀಟರ್ ಉಜ್ಜಿದರು, ನಾನು ಅಳೆಯುತ್ತಾ ಹೋದೆ. ಮೂರೂವರೆಗೆ ಬಂತು. ಅದಕ್ಕಿಂತ ಕೆಳಗೆ ಈ ಜನ್ಮದಲ್ಲಿ ಇಳಿಯಲಿಕ್ಕಿಲ್ಲ. ತಂತಿ ಕಟ್ಟಿ ಎಫ್ ಒತ್ತಿದೆ. ಐದು ತಂತಿ ನುಡಿದವು, ಒಂದು ಡಬ್ಬ.

"ಮೊದ್ಲಿಗಿಂತ ವಾಸಿ" ಅಂದರು ಅಪ್ಪ. ಅದನ್ನು ಪುನಃ ಅಟ್ಟಕ್ಕೆ ಏರಿಸಲಿಲ್ಲ. ಜಗಲಿ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಮೊಳೆ ಹೊಡೆದರು.