ಮಿತಿಯೂ ಕಾಯಕಧರ್ಮವೇ



ಕಪಿಲೆಯ ದಡದ ನಂಜನಗೂಡು, ಸಂಗಮದ ತಿ. ನರಸೀಪುರ ಸೀಮೆಗಳಲ್ಲಿ ಗದ್ದೆಯನ್ನು ಅಡವಿಟ್ಟು ಮಕ್ಕಳನ್ನು ವಿದೇಶಕ್ಕೆ ಓದಲು ಕಳುಹಿಸುವವರುಂಟು. ಮಗ ಅಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆಯುವನೆಂದು ತಿಳಿದರೆ ಹೆತ್ತವರು ನೋಯುತ್ತಾರೆ. ನೋಯಬೇಕಿಲ್ಲ, ಶರಣರಿಗೆ ಯಾವ ಕಾಯಕವೂ ಕೀಳಲ್ಲ. ಅಂಜಬೇಕಾದುದು ಮಿತಿ ಮೀರುವುದಕ್ಕೆ.

ಪಾಠದ ಅವಧಿಯಲ್ಲಿ ಬ್ರಿಟನ್ನಿನ ಪದವಿ ವಿದ್ಯಾರ್ಥಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ದುಡಿಯಬಹುದು. ಆಸ್ಟ್ರೇಲಿಯದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆಯ ಮಿತಿಯಿದೆ. ಆ ಸಂಬಳ ಊಟ, ಬಾಡಿಗೆಗೆ ನೆರವಾದೀತು; ಸಾಲ ತೀರಿಸದು. ಕಂತಿಗೆ ಹೆದರಿ ಗುಟ್ಟಾಗಿ ಹೆಚ್ಚು ದುಡಿದರೆ ವೀಸಾ ರದ್ದಾಗಿ ಓದೂ ಗದ್ದೆಯೂ ಕೈಬಿಟ್ಟಾವು.

ಆಯ್ದಕ್ಕಿ ಮಾರಯ್ಯನವರು ಒಮ್ಮೆ ಹೆಚ್ಚು ಅಕ್ಕಿ ತಂದಾಗ, ತಾಯಿ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ನಾವೂ ಮಕ್ಕಳನ್ನು “ಎಷ್ಟು ಸಂಪಾದಿಸಿದೆ?” ಎನ್ನದೆ, “ಎಷ್ಟು ಓದಿದೆ?” ಎಂದು ಕೇಳೋಣ.