ಕೋಡ್ ಅನುವಾದ: ಪದಕ್ಕೆ ಪದ ಬದಲಿಸಿದರೆ ಸಾಕೇ?

"ಒಂದು ಕಂಪ್ಯೂಟರ್ ಭಾಷೆ ಬಂದರೆ ಎಲ್ಲವೂ ಬಂದಂತೆ, ಪದಗಳಷ್ಟೇ ಬೇರೆ." ಇಂಥ ಮಾತು ನಿಮ್ಮ ಫೋನಿಗೂ ಬಂದಿರಬಹುದು. ಇದು ಅರ್ಧ ಮಾತ್ರ ನಿಜ.

ಸ್ವಿಚ್ ಎಂದರೇನು?

ಅಣ್ಣಿಗೇರಿಯ ರೈತರೊಬ್ಬರು ಸಹಾಯವಾಣಿಗೆ ಕರೆ ಮಾಡಿದರು ಎಂದುಕೊಳ್ಳಿ. 1 ಒತ್ತಿದರೆ ಹೆಸರುಕಾಳಿನ ದರ, 2 ಒತ್ತಿದರೆ ಕಡಲೆ ದರ. 3 ಬೀಜಕ್ಕೆ, 4 ಗೊಬ್ಬರಕ್ಕೆ. ಈ ಎರಡಕ್ಕೂ ರೈತ ಸಂಪರ್ಕ ಕೇಂದ್ರದ ನಂಬರ್ ಹೇಳಬೇಕು. ಒಂದು ಪ್ರಶ್ನೆಗೆ ಹೀಗೆ ಹಲವು ದಾರಿ ಇದ್ದಾಗ ಪ್ರೋಗ್ರಾಮ್‌ನಲ್ಲಿ 'ಸ್ವಿಚ್' ಬಳಸುತ್ತಾರೆ. ಒಂದೊಂದು ದಾರಿಯೂ ಒಂದು 'ಕೇಸ್'.

ಎಡವುವುದು ಎಲ್ಲಿ?

ಹುಬ್ಬಳ್ಳಿಯಿಂದ ನರಗುಂದಕ್ಕೆ ಹೋಗುವ ಬಸ್ಸಿನಲ್ಲಿ ನೀವು ನವಲಗುಂದದಲ್ಲಿ ಇಳಿಯದಿದ್ದರೆ ಬಸ್ಸು ನಿಮ್ಮನ್ನು ಮುಂದಕ್ಕೆ ಕರೆದೊಯ್ಯುತ್ತದೆ. ಸಿ ಭಾಷೆಯ ಸ್ವಿಚ್ ಕೂಡ ಹಾಗೆಯೇ. 'ಬ್ರೇಕ್' ಎಂದು ಬರೆಯದಿದ್ದರೆ ಹೆಸರುಕಾಳಿನ ದರ ಹೇಳಿ, ಅಲ್ಲಿಗೇ ನಿಲ್ಲದೆ ಕಡಲೆ ದರವನ್ನೂ ಹೇಳುತ್ತದೆ. ಗೋ ಮತ್ತು ಸ್ವಿಫ್ಟ್ ಭಾಷೆಗಳಲ್ಲಿ ಕೇಸ್ ಮುಗಿದ ಕೂಡಲೇ ತಾನಾಗಿಯೇ ನಿಲ್ಲುತ್ತದೆ. ಪೈಥಾನ್‌ನಲ್ಲಂತೂ 2021ರಲ್ಲಿ 3.10 ಆವೃತ್ತಿಯ 'ಮ್ಯಾಚ್' ಬರುವವರೆಗೆ ಇಂಥ ಸೌಲಭ್ಯವೇ ಇರಲಿಲ್ಲ. 'ಇಫ್'ಗಳ ಸರಣಿಯನ್ನೇ ಬರೆಯಬೇಕಿತ್ತು.

ಸಿ ಭಾಷೆಯಲ್ಲಿ 3ನೇ ಕೇಸನ್ನು ಖಾಲಿ ಬಿಟ್ಟು, ಉತ್ತರವನ್ನು 4ರಲ್ಲಿ ಮಾತ್ರ ಬರೆದರೂ ನಡೆಯುತ್ತದೆ. 3 ಒತ್ತಿದವರು 4ಕ್ಕೆ ಜಾರುತ್ತಾರೆ. ಅದನ್ನೇ ಪದಕ್ಕೆ ಪದ ಗೋ ಭಾಷೆಗೆ ತಂದರೆ ಪ್ರೋಗ್ರಾಮ್ ದೋಷವನ್ನೇನೂ ತೋರಿಸುವುದಿಲ್ಲ, ಆದರೆ ಬೀಜ ಕೇಳಿದ ರೈತರಿಗೆ ಉತ್ತರವೇ ಸಿಗುವುದಿಲ್ಲ. ಸ್ವಿಫ್ಟ್ ಆದರೆ ಖಾಲಿ ಕೇಸನ್ನು ಒಪ್ಪದೆ ಅಲ್ಲೇ ತಡೆಯುತ್ತದೆ.

ಇಷ್ಟು ಚಿಕ್ಕದಕ್ಕೆ ಅಷ್ಟು ಚಿಂತೆಯೇ?

1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದೂರಿನ ಕರೆಗಳ ಜಾಲ ಸುಮಾರು 9 ತಾಸು ಅಸ್ತವ್ಯಸ್ತವಾಯಿತು. ಅದು ಅನುವಾದದ ತಪ್ಪಲ್ಲ. ಸಿ ಭಾಷೆಯ ಸ್ವಿಚ್ ಒಳಗೆ ತಪ್ಪು ಜಾಗದಲ್ಲಿದ್ದ ಒಂದು 'ಬ್ರೇಕ್' ಅದಕ್ಕೆ ಕಾರಣ. ಒಂದೇ ಪದದ ಸ್ಥಾನಕ್ಕೆ ಅಷ್ಟು ತೂಕವಿದೆ.

ಹಾಗಾದರೆ ಏನು ಮಾಡಬೇಕು?

ಕೋಡ್ ಬದಲಿಸಿದ್ದು ಮನುಷ್ಯರಿರಲಿ, ಎಐ ಆ್ಯಪ್ ಇರಲಿ, 1, 2, 3, 4 ಎಲ್ಲವನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಪಟ್ಟಿಯಲ್ಲೇ ಇಲ್ಲದ 9 ಒತ್ತಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಹಳೆಯ ಪ್ರೋಗ್ರಾಮ್ ಕೊಟ್ಟ ಉತ್ತರವನ್ನೇ ಹೊಸದೂ ಕೊಟ್ಟರೆ ಮಾತ್ರ ಅನುವಾದ ಸರಿ.

ಒಂದು ಭಾಷೆ ಚೆನ್ನಾಗಿ ಬಂದರೆ ಇನ್ನೊಂದನ್ನು ಕಲಿಯುವುದು ಸುಲಭ, ಅದು ನಿಜ. ಆದರೆ ಪದಗಳಷ್ಟೇ ಬೇರೆ ಎಂಬುದು ತಪ್ಪು. ಆ ಸಂದೇಶವನ್ನು ಮುಂದೆ ಕಳಿಸುವ ಮುನ್ನ ಈ ಮಾತನ್ನೂ ಸೇರಿಸಿ.